ಸೆರಾಮಿಕ್ಸ್, ಗಾಜು ಮತ್ತು ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ವ್ಯಾಸಂಗ: ಸಾರಕ್ಕಿ ಹಾಗೂ ಸುತ್ತಲಿನ ಅಭ್ಯರ್ಥಿಗಳಿಗೆ ಮಾಹಿತಿ

ಸಾರಕ್ಕಿ, ಜೆ.ಪಿ. ನಗರ, ಜಯನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸಿಸುವ, ಪದವಿ ಪೂರೈಸಿರುವ ಅಥವಾ ಅಂತಿಮ ವರ್ಷದಲ್ಲಿ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಣ್ಣು, ಗಾಜು, ಕಲ್ಲು ಮತ್ತು ಲೋಹದ ಕಲೆಗಳಲ್ಲಿ ಉನ್ನತ ವ್ಯಾಸಂಗ ಬಯಸುವ ಅಭ್ಯರ್ಥಿಗಳು ಪ್ರವೇಶದಿಂದ ವಂಚಿತರಾಗಲು ಪ್ರತಿಭೆಯ ಕೊರತೆಯೊಂದೇ ಕಾರಣವಾಗಿರುವುದಿಲ್ಲ. ತಮ್ಮ ಪದವಿಗೆ ಹೊಂದದ ಕೋರ್ಸಿಗೆ ಅರ್ಜಿ ಸಲ್ಲಿಸುವುದು, ಬೇರೆ ನಮೂನೆಯ ಜಾತಿ ಪ್ರಮಾಣಪತ್ರ ಲಗತ್ತಿಸುವುದು, ವಲಸೆ ಪ್ರಮಾಣಪತ್ರವನ್ನು ತಡವಾಗಿ ಪಡೆಯುವುದು ಮುಂತಾದ ತಪ್ಪುಗಳಿಂದಲೂ ಒಂದು ಶೈಕ್ಷಣಿಕ ವರ್ಷ ನಷ್ಟವಾಗಬಹುದು. ಇವೆಲ್ಲವನ್ನೂ ಮುಂಚಿತವಾಗಿ ತಿಳಿದುಕೊಂಡಲ್ಲಿ ತಪ್ಪಿಸಬಹುದಾಗಿದೆ.

1. ವಿಷಯಗಳ ಸ್ವರೂಪ

ಸೆರಾಮಿಕ್ಸ್ ಎಂದರೆ ಜೇಡಿಮಣ್ಣು ಹಾಗೂ ಇತರ ಖನಿಜಗಳನ್ನು ರೂಪಿಸಿ, ಒಣಗಿಸಿ, ಆವಿಗೆಯಲ್ಲಿ ಸುಟ್ಟು ಗಟ್ಟಿಗೊಳಿಸುವ ವಿದ್ಯೆ. ಕುಂಬಾರರ ಮಡಕೆ, ಹಣತೆಗಳಂತಹ ಕೆಂಪು ಮಣ್ಣಿನ ವಸ್ತುಗಳನ್ನು ಸಾಮಾನ್ಯವಾಗಿ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಲಾಗುತ್ತದೆ. ನೀರು ಹೀರದ ಗಟ್ಟಿ ಪಾತ್ರೆಗಳಿಗೆ ಸುಮಾರು 1200ರಿಂದ 1300 ಡಿಗ್ರಿ ಬೇಕಾಗುತ್ತದೆ. ಪಿಂಗಾಣಿಗೆ ಇದಕ್ಕಿಂತಲೂ ಹೆಚ್ಚಿನ ಶಾಖ ಬೇಕಾಗಬಹುದು. ಮಣ್ಣಿನಲ್ಲಿರುವ ಸ್ಫಟಿಕಶಿಲೆಯ ಅಂಶವು 573 ಡಿಗ್ರಿಯಲ್ಲಿ ಗಾತ್ರವನ್ನು ಹಠಾತ್ತಾಗಿ ಬದಲಿಸುವುದರಿಂದ, ಆವಿಗೆಯನ್ನು ಆ ಹಂತದಲ್ಲಿ ಅವಸರದಿಂದ ಕಾಯಿಸಿದರೂ ತಣಿಸಿದರೂ ವಸ್ತು ಸೀಳುತ್ತದೆ.

ಗಾಜಿನ ಕಲೆಯಲ್ಲಿ ಕರಗಿದ ಗಾಜನ್ನು ಊದುವುದು, ಅಚ್ಚಿಗೆ ಸುರಿಯುವುದು, ತುಂಡುಗಳನ್ನು ಶಾಖದಿಂದ ಬೆಸೆಯುವುದು ಹಾಗೂ ಕತ್ತರಿಸಿ ಉಜ್ಜುವುದು ಸೇರಿವೆ. ಊದುವ ಕುಲುಮೆಯು ಸುಮಾರು 1100 ಡಿಗ್ರಿಯಲ್ಲಿ ನಿರಂತರವಾಗಿ ಉರಿಯುತ್ತಿರಬೇಕು. ಸಿದ್ಧವಾದ ವಸ್ತುವನ್ನು ಸುಮಾರು 500 ಡಿಗ್ರಿಯಿಂದ ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು. ಹಾಗೆ ಮಾಡದಿದ್ದಲ್ಲಿ ಒಳಗಿನ ಒತ್ತಡದಿಂದ ಅದು ದಿನಗಳ ನಂತರವೂ ತಾನಾಗಿಯೇ ಒಡೆಯಬಹುದು.

ಶಿಲ್ಪಕಲೆಯಲ್ಲಿ ಮಣ್ಣಿನ ಮಾದರಿ, ಪ್ಲಾಸ್ಟರ್ ಅಚ್ಚು, ಕಲ್ಲು ಮತ್ತು ಮರದ ಕೆತ್ತನೆ, ಮೇಣದ ವಿಧಾನದ ಕಂಚಿನ ಎರಕ, ಉಕ್ಕಿನ ಬೆಸುಗೆ ಮತ್ತು ಪ್ರತಿಷ್ಠಾಪನಾ ಕಲೆಗಳನ್ನು ಅಭ್ಯಸಿಸಲಾಗುತ್ತದೆ.

ಈ ಮೂರೂ ವಿಷಯಗಳು ಮನೆಯ ಕೋಣೆಯಲ್ಲಿ ಪುಸ್ತಕ ಓದಿ ಕಲಿಯುವಂತಹವಲ್ಲ. ಆವಿಗೆ, ಕುಲುಮೆ, ಎರಕದ ಮನೆ ಮತ್ತು ಭಾರ ಎತ್ತುವ ಸಾಧನಗಳಿಲ್ಲದ ಕಡೆ ಸ್ನಾತಕೋತ್ತರ ಮಟ್ಟದ ಕೆಲಸ ಕಷ್ಟಸಾಧ್ಯ. ಆದ್ದರಿಂದ ಸಂಸ್ಥೆಯನ್ನು ಆಯ್ಕೆ ಮಾಡುವಾಗ ಅದರ ಹೆಸರಿನೊಂದಿಗೆ ಕಾರ್ಯಾಗಾರದ ಸೌಲಭ್ಯವನ್ನೂ ಪರಿಶೀಲಿಸುವುದು ಸೂಕ್ತ.

2. ವ್ಯಾಸಂಗದ ಮೂರು ಮಾರ್ಗಗಳು

ಅಭ್ಯರ್ಥಿಗಳು ಮೊದಲು ತಾವು ಹೋಗಬೇಕಾದ ಮಾರ್ಗವನ್ನು ನಿರ್ಧರಿಸಿಕೊಳ್ಳತಕ್ಕದ್ದು. ಅರ್ಹತೆ, ಪ್ರವೇಶ ಪರೀಕ್ಷೆ ಮತ್ತು ದಾಖಲೆಗಳು ಮಾರ್ಗಕ್ಕೆ ಅನುಗುಣವಾಗಿ ಬದಲಾಗುತ್ತವೆ.

(ಅ) ಲಲಿತಕಲಾ ಮಾರ್ಗ: ದೃಶ್ಯಕಲಾ ಅಥವಾ ಲಲಿತಕಲಾ ಸ್ನಾತಕೋತ್ತರ ಪದವಿ. ಸಾಮಾನ್ಯವಾಗಿ 2 ವರ್ಷಗಳ ಅವಧಿ. ಸಂಬಂಧಿಸಿದ ವಿಷಯದಲ್ಲಿ ಲಲಿತಕಲಾ ಪದವಿಯನ್ನು ಹೆಚ್ಚಿನ ಸಂಸ್ಥೆಗಳು ಅಪೇಕ್ಷಿಸುತ್ತವೆ.

(ಆ) ವಿನ್ಯಾಸ ಮಾರ್ಗ: ಬಳಕೆಯ ವಸ್ತುಗಳು, ಕರಕುಶಲ ಕ್ಷೇತ್ರ ಮತ್ತು ಉದ್ಯಮಕ್ಕೆ ಬೇಕಾದ ವಿನ್ಯಾಸ. ಲಲಿತಕಲೆಯ ಹೊರಗಿನ ಪದವೀಧರರಿಗೂ ಈ ಮಾರ್ಗದಲ್ಲಿ ಅವಕಾಶವಿರುತ್ತದೆ.

(ಇ) ತಂತ್ರಜ್ಞಾನ ಮಾರ್ಗ: ಸೆರಾಮಿಕ್ ಎಂಜಿನಿಯರಿಂಗ್ ಮತ್ತು ವಸ್ತುವಿಜ್ಞಾನ. ಇಲ್ಲಿ ಕಲಿಸುವುದು ವಿದ್ಯುತ್ ನಿರೋಧಕ, ಶಾಖ ನಿರೋಧಕ ಇಟ್ಟಿಗೆ, ಸಿಮೆಂಟ್ ಮುಂತಾದವುಗಳ ಬಗ್ಗೆ. ಕಲಾ ಪದವೀಧರರಿಗೆ ಇದು ಅನ್ವಯಿಸುವುದಿಲ್ಲ.

ಮೂರನೆಯ ಮಾರ್ಗ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿಯೇ, ಬೆಂಗಳೂರಿನ ಮಲ್ಲೇಶ್ವರದ ಬಳಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಸ್ಥಾಪನೆಯಾಗಿ ವಿದ್ಯುತ್ ತಂತಿಗಳಿಗೆ ಬೇಕಾದ ನಿರೋಧಕಗಳನ್ನು ತಯಾರಿಸುತ್ತಿತ್ತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು. ಕಲಬುರಗಿಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನದ ಪದವಿ ವ್ಯಾಸಂಗ ನಡೆದುಬಂದಿದೆ. ‘ಸೆರಾಮಿಕ್ಸ್’ ಎಂಬ ಒಂದೇ ಹೆಸರು ಮೂರೂ ಮಾರ್ಗಗಳಲ್ಲಿ ಬರುವುದರಿಂದ, ಅರ್ಜಿ ಶುಲ್ಕ ಪಾವತಿಸುವ ಮುನ್ನ ಪಠ್ಯಕ್ರಮವನ್ನು ಓದಿಕೊಳ್ಳತಕ್ಕದ್ದು.

3. ರಾಜ್ಯದೊಳಗಿನ ಅವಕಾಶಗಳು

ಶಿಲ್ಪಕಲೆಯನ್ನು ಬಯಸುವವರಿಗೆ ಹತ್ತಿರದ ಪ್ರಮುಖ ಕೇಂದ್ರ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಸ್ಥಾಪನೆಯಾದ ಪರಿಷತ್ತಿನ ಕಾಲೇಜಿನಲ್ಲಿ ಚಿತ್ರಕಲೆ, ಮುದ್ರಣಕಲೆ ಮುಂತಾದವುಗಳೊಂದಿಗೆ ಶಿಲ್ಪಕಲೆಯನ್ನೂ ಬೋಧಿಸಲಾಗುತ್ತದೆ. ಸಾರಕ್ಕಿಯ ಅಭ್ಯರ್ಥಿಗಳು ಜಯಪ್ರಕಾಶ ನಗರ ಮೆಟ್ರೋ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದವರೆಗೆ ಪ್ರಯಾಣಿಸಿ, ಅಲ್ಲಿಂದ ಬಸ್ ಅಥವಾ ಆಟೋ ಮೂಲಕ ತಲುಪಬಹುದು. ಮನೆಯಿಂದಲೇ ಓಡಾಡಿ ಕಲಿಯಬಹುದಾದ್ದರಿಂದ ವಸತಿ ವೆಚ್ಚ ಉಳಿಯುತ್ತದೆ.

ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಶಿಲ್ಪಕಲೆಯನ್ನು ಬೋಧಿಸುವ ಸರ್ಕಾರಿ ಸಂಸ್ಥೆಯಾಗಿದೆ. ಆಯಾ ವರ್ಷ ಯಾವ ವಿಷಯಗಳಲ್ಲಿ ಸ್ನಾತಕೋತ್ತರ ಪ್ರವೇಶವಿದೆ ಎಂಬುದನ್ನು ಕಾಲೇಜುಗಳ ಪ್ರಕಟಣೆಯಿಂದ ಖಚಿತಪಡಿಸಿಕೊಳ್ಳುವುದು.

ಪದವಿ ನೀಡದಿದ್ದರೂ ಕೈಕೆಲಸದ ತಳಹದಿ ಒದಗಿಸುವ ತರಬೇತಿ ಕೇಂದ್ರಗಳೂ ರಾಜ್ಯದಲ್ಲಿವೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇದೆ. ಕಾರ್ಕಳದ ಬಳಿಯ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು ಮತ್ತು ಮರದ ಕೆತ್ತನೆಯನ್ನು ಕಲಿಸಲಾಗುತ್ತದೆ. ಲಲಿತಕಲೆಯ ಹೊರಗಿನ ಪದವಿ ಪಡೆದವರು ಅರ್ಜಿಗೆ ಮುನ್ನ ಇಂತಹ ತರಬೇತಿ ಪಡೆದಲ್ಲಿ ಕೃತಿಗಳನ್ನು ಸಿದ್ಧಪಡಿಸಿಕೊಳ್ಳಲು ಸಹಾಯವಾಗುತ್ತದೆ.

4. ಹೊರರಾಜ್ಯಗಳ ಪ್ರಮುಖ ಸಂಸ್ಥೆಗಳು

ಸೆರಾಮಿಕ್ಸ್ ಮತ್ತು ಗಾಜನ್ನು ಪ್ರತ್ಯೇಕ ವಿಷಯವಾಗಿ ಉನ್ನತ ಮಟ್ಟದಲ್ಲಿ ಕಲಿಸುವ ಹಳೆಯ ಕೇಂದ್ರಗಳು ಹೊರರಾಜ್ಯಗಳಲ್ಲಿವೆ.

ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಲಲಿತಕಲಾ ವಿಭಾಗವು 1950ರಲ್ಲಿ ಆರಂಭವಾಯಿತು. ಶಂಖೋ ಚೌಧುರಿ ಅವರು ಕಟ್ಟಿ ಬೆಳೆಸಿದ ಶಿಲ್ಪ ವಿಭಾಗ ಹಾಗೂ ಜ್ಯೋತ್ಸ್ನಾ ಭಟ್ ಅವರು ದೀರ್ಘಕಾಲ ಬೋಧಿಸಿದ ಸೆರಾಮಿಕ್ಸ್ ಶಾಖೆ ಇಲ್ಲಿನ ಹೆಗ್ಗಳಿಕೆ. ಶಾಂತಿನಿಕೇತನದ ವಿಶ್ವಭಾರತಿಯ ಕಲಾಭವನವು 1919ರಲ್ಲಿ ಸ್ಥಾಪನೆಯಾಗಿದ್ದು, ರಾಮಕಿಂಕರ ಬೈಜ್ ಅವರ ಬಯಲು ಶಿಲ್ಪಗಳು ಇಂದಿಗೂ ಅದರ ಆವರಣದಲ್ಲಿವೆ. ಅಲ್ಲಿ ಶಿಲ್ಪಕಲೆಯೊಂದಿಗೆ ಸೆರಾಮಿಕ್ ಮತ್ತು ಗಾಜಿನ ವಿನ್ಯಾಸವೂ ಬೋಧನೆಯಲ್ಲಿದೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ದೃಶ್ಯಕಲಾ ವಿಭಾಗದಲ್ಲಿ ಕುಂಬಾರಿಕೆ ಮತ್ತು ಸೆರಾಮಿಕ್ಸ್ ಶಾಖೆ ಇದೆ.

ವಿನ್ಯಾಸ ಮಾರ್ಗದಲ್ಲಿ 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸೆರಾಮಿಕ್ ಮತ್ತು ಗಾಜಿನ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿಯನ್ನು ನೀಡುತ್ತದೆ. ಪ್ರವೇಶವು ಆ ಸಂಸ್ಥೆಯದೇ ಆದ ವಿನ್ಯಾಸ ಅಭಿರುಚಿ ಪರೀಕ್ಷೆಯ ಎರಡು ಹಂತಗಳ ಮೂಲಕ ನಡೆಯುತ್ತದೆ. ಈ ಸಂಸ್ಥೆಯ ಆವರಣವೊಂದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇದ್ದರೂ, ಸೆರಾಮಿಕ್ ಮತ್ತು ಗಾಜಿನ ವಿಷಯವನ್ನು ಬೋಧಿಸುವುದು ಅಹಮದಾಬಾದ್ ಆವರಣದಲ್ಲಿ ಎಂಬುದನ್ನು ಅಭ್ಯರ್ಥಿಗಳು ಗಮನಿಸುವುದು.

ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ಸಿ.ಯು.ಇ.ಟಿ.–ಪಿ.ಜಿ. ಎಂಬ ಸಾಮಾನ್ಯ ಪರೀಕ್ಷೆ ಜಾರಿಯಲ್ಲಿದೆ. ಕಲಾ ವಿಷಯಗಳಿಗೆ ಇದರ ಜೊತೆ ಪ್ರಾಯೋಗಿಕ ಪರೀಕ್ಷೆ ಅಥವಾ ಸಂದರ್ಶನವೂ ಇರಬಹುದು. ಅಂತಿಮ ವರ್ಷದ ಫಲಿತಾಂಶ ಬಂದ ನಂತರ ವಿಚಾರಿಸುವವರಿಗೆ ಇಂತಹ ಪರೀಕ್ಷೆಗಳ ಅರ್ಜಿ ಅವಧಿ ಮುಗಿದಿರುತ್ತದೆ. ಆದ್ದರಿಂದ ಅಂತಿಮ ವರ್ಷದ ಆರಂಭದಿಂದಲೇ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು.

5. ವಿದೇಶ ವ್ಯಾಸಂಗ

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಸೆರಾಮಿಕ್ಸ್ ಮತ್ತು ಗಾಜು ಒಂದೇ ವಿಭಾಗದಲ್ಲಿವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಆಲ್‌ಫ್ರೆಡ್ ವಿಶ್ವವಿದ್ಯಾನಿಲಯದ ಸೆರಾಮಿಕ್ಸ್ ಕಾಲೇಜು 1900ರಲ್ಲಿ ಆರಂಭವಾಗಿದ್ದು, ಅಲ್ಲಿ ಕಲೆ ಮತ್ತು ಎಂಜಿನಿಯರಿಂಗ್ ಎರಡೂ ಉಂಟು. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಸೆರಾಮಿಕ್ಸ್, ಗಾಜು ಮತ್ತು ಶಿಲ್ಪಕಲೆಗೆ ಪ್ರತ್ಯೇಕ ವಿಭಾಗಗಳಿವೆ. ಬೋಧನಾ ಶುಲ್ಕ ಮತ್ತು ಜೀವನ ವೆಚ್ಚ ಅಧಿಕವಾಗಿರುವುದರಿಂದ, ಪ್ರವೇಶ ಪತ್ರ ದೊರೆತ ಮೇಲೆ ಹಣ ಹೊಂದಿಸಲು ಹೊರಡದೆ ಮೊದಲೇ ವಿದ್ಯಾರ್ಥಿವೇತನದ ಅವಕಾಶಗಳನ್ನು ಪರಿಶೀಲಿಸತಕ್ಕದ್ದು.

6. ವಿಷಯ ಬದಲಾವಣೆ ಸಾಧ್ಯವೇ?

ಪದವಿಯಲ್ಲಿ ಓದಿದ ವಿಷಯವೇ ಜೀವನಪೂರ್ತಿಯ ವಿಷಯವಾಗಬೇಕೆಂಬ ನಿಯಮವಿಲ್ಲ. ಬೆಂಗಳೂರಿನವರಾದ ಪುಷ್ಪಮಾಲಾ ಎನ್. ಅವರು ವಡೋದರಾದಲ್ಲಿ ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆರಂಭದಲ್ಲಿ ಸುಟ್ಟ ಮಣ್ಣಿನ ಶಿಲ್ಪಗಳಿಂದ ಹೆಸರು ಮಾಡಿ, ಮುಂದೆ ಛಾಯಾಚಿತ್ರ ಕಲೆಯತ್ತ ಹೊರಳಿದರು. ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದ್ದು ಚಿತ್ರಕಲೆ. ಅವರಿಗೆ ಖ್ಯಾತಿ ತಂದದ್ದು ಸಗಣಿ, ದಾರ, ಕುಂಕುಮಗಳಿಂದ ರೂಪಿಸಿದ ಶಿಲ್ಪ ಮತ್ತು ಪ್ರತಿಷ್ಠಾಪನೆಗಳು. ಕುಂದಾಪುರ ಸಮೀಪದ ಕೋಟೇಶ್ವರದ ಎಲ್.ಎನ್. ತಲ್ಲೂರು ಅವರು ಮೈಸೂರಿನಲ್ಲಿ ಚಿತ್ರಕಲೆ, ವಡೋದರಾದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರ, ನಂತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಮಕಾಲೀನ ಕಲೆಯನ್ನು ಅಭ್ಯಾಸ ಮಾಡಿ ಶಿಲ್ಪಿಯಾಗಿ ಪ್ರಸಿದ್ಧರಾದರು.

ಈ ಉದಾಹರಣೆಗಳ ಅರ್ಥ ಅರ್ಹತಾ ನಿಯಮವನ್ನು ಕಡೆಗಣಿಸಬಹುದೆಂದಲ್ಲ. ಸಂಸ್ಥೆಯು ಒಪ್ಪುವ ವಿಷಯದಲ್ಲಿ ಪ್ರವೇಶ ಪಡೆದು, ಅಲ್ಲಿಯ ಕಾರ್ಯಾಗಾರಗಳನ್ನು ಬಳಸಿಕೊಂಡು ಬೇರೆ ಮಾಧ್ಯಮಕ್ಕೆ ಸಾಗುವ ದಾರಿ ಇದೆ ಎಂಬುದಷ್ಟೇ ಇದರ ತಾತ್ಪರ್ಯ.

7. ಕೃತಿಸಂಪುಟ ಸಿದ್ಧತೆ

ಪ್ರವೇಶದಲ್ಲಿ ಅಂಕಗಳಷ್ಟೇ ಮಹತ್ವ ಕೃತಿಸಂಪುಟಕ್ಕೆ ಇರುತ್ತದೆ. ಮಣ್ಣು ಮತ್ತು ಗಾಜಿನ ವಸ್ತುಗಳು ಒಡೆಯುವಂತಹವಾದ್ದರಿಂದ, ಪ್ರತಿ ಕೃತಿಯನ್ನೂ ಆವಿಗೆಯಿಂದ ಹೊರತೆಗೆದ ದಿನವೇ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಶಿಲ್ಪವನ್ನು ಕನಿಷ್ಠ ಮೂರು ಬದಿಗಳಿಂದ, ಸಾದಾ ಹಿನ್ನೆಲೆಯಲ್ಲಿ ಚಿತ್ರೀಕರಿಸಿ ಅಳತೆ, ಮಾಧ್ಯಮ, ವರ್ಷ ಮತ್ತು ಸುಟ್ಟ ಶಾಖವನ್ನು ನಮೂದಿಸುವುದು. ಕರಡು ಚಿತ್ರಗಳು, ಮೆರುಗಿನ ಪರೀಕ್ಷಾ ಬಿಲ್ಲೆಗಳು ಹಾಗೂ ವಿಫಲವಾದ ಪ್ರಯೋಗಗಳ ಟಿಪ್ಪಣಿಯನ್ನೂ ಸೇರಿಸಬಹುದು. ಗುಂಪಿನಲ್ಲಿ ಮಾಡಿದ ಕೆಲಸವಾಗಿದ್ದಲ್ಲಿ ತಮ್ಮ ಪಾಲು ಎಷ್ಟೆಂಬುದನ್ನು ಸ್ಪಷ್ಟಪಡಿಸತಕ್ಕದ್ದು.

8. ಅವಶ್ಯಕ ಪ್ರಮಾಣಪತ್ರಗಳು

(ಅ) ಜಾತಿ ಮತ್ತು ಆದಾಯ ಪ್ರಮಾಣಪತ್ರ: ನಾಡಕಚೇರಿಯ ಮೂಲಕ ಪಡೆಯಬೇಕು. ಸಾರಕ್ಕಿಯು ಬೆಂಗಳೂರು ನಗರ ಜಿಲ್ಲೆ, ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದೆ. 2025ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ ಜಿಲ್ಲೆ’ ಎಂದು ಮರುನಾಮಕರಣ ಮಾಡಲಾಗಿದೆ. ಹೆಸರಿನ ಸಾಮ್ಯದಿಂದ ಸಾರಕ್ಕಿಯ ಅಭ್ಯರ್ಥಿಗಳು ಅರ್ಜಿಯ ಜಿಲ್ಲೆಯ ಅಂಕಣದಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಆಯ್ಕೆ ಮಾಡಿದಲ್ಲಿ ಅರ್ಜಿಯು ಬೇರೆ ಜಿಲ್ಲೆಯ ಕಚೇರಿಗೆ ಹೋಗುವ ಸಂಭವವಿರುತ್ತದೆ. ಜಿಲ್ಲೆ ‘ಬೆಂಗಳೂರು ನಗರ’, ತಾಲ್ಲೂಕು ‘ಬೆಂಗಳೂರು ದಕ್ಷಿಣ’ ಎಂಬುದನ್ನು ನೆನಪಿಡುವುದು.

(ಆ) ಇತರೆ ಹಿಂದುಳಿದ ವರ್ಗಗಳ ಪ್ರಮಾಣಪತ್ರ: ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ರಾಜ್ಯದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತವೆ. ವಿಶ್ವಭಾರತಿ, ಬನಾರಸ್ ಹಿಂದೂ ವಿಶ್ವವಿದ್ಯಾನಿಲಯ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆಗಳಂತಹ ಕೇಂದ್ರ ಸಂಸ್ಥೆಗಳಿಗೆ, ಅಭ್ಯರ್ಥಿಯ ಜಾತಿಯು ಕೇಂದ್ರ ಪಟ್ಟಿಯಲ್ಲಿರಬೇಕು ಹಾಗೂ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವು ಕೇಂದ್ರ ಸರ್ಕಾರದ ನಮೂನೆಯಲ್ಲಿರಬೇಕು. ಪ್ರಮಾಣಪತ್ರವು ಚಾಲ್ತಿ ಆರ್ಥಿಕ ವರ್ಷದ್ದಾಗಿರಬೇಕೆಂದು ಅನೇಕ ಸಂಸ್ಥೆಗಳು ಕೇಳುತ್ತವೆ. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರಕ್ಕೂ ಇದೇ ಎಚ್ಚರಿಕೆ ಅಗತ್ಯ. ವಡೋದರಾದಂತಹ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಮೀಸಲಾತಿಯು ಸಾಮಾನ್ಯವಾಗಿ ಆಯಾ ರಾಜ್ಯದವರಿಗೆ ಸೀಮಿತವಾಗಿರುತ್ತದೆ.

(ಇ) ವಲಸೆ ಪ್ರಮಾಣಪತ್ರ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ: 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವನ್ನು ಮೂರಾಗಿ ವಿಭಜಿಸಲಾಗಿದೆ. ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ ಎಂಬ ಊಹೆಯ ಮೇಲೆ ಅರ್ಜಿ ಸಲ್ಲಿಸದೆ, ಅಂತಿಮ ವರ್ಷದ ಅಂಕಪಟ್ಟಿಯ ಮೇಲೆ ಮುದ್ರಿತವಾದ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗವನ್ನು ಸಂಪರ್ಕಿಸತಕ್ಕದ್ದು.

(ಈ) ಹೆಸರಿನ ಏಕರೂಪತೆ: ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಹೀಗೆ ವ್ಯತ್ಯಾಸವಿದ್ದಲ್ಲಿ ಪ್ರವೇಶ, ವಿದ್ಯಾರ್ಥಿವೇತನ ಮತ್ತು ಪಾಸ್‌ಪೋರ್ಟ್ ಮೂರಕ್ಕೂ ತೊಂದರೆಯಾಗಬಹುದು. ಅರ್ಜಿ ಸಲ್ಲಿಸುವ ಮುನ್ನವೇ ಸರಿಪಡಿಸಿಕೊಳ್ಳುವುದು.

9. ವಿದ್ಯಾರ್ಥಿವೇತನ ಮತ್ತು ಸಾಲ ಸೌಲಭ್ಯ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ ಹಾಗೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಕಡ್ಡಾಯ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಹೊರರಾಜ್ಯದಲ್ಲಿ ಓದಿದರೂ ಈ ವಿದ್ಯಾರ್ಥಿವೇತನವನ್ನು ಅವರ ಸ್ವಂತ ರಾಜ್ಯವೇ ನೀಡುತ್ತದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಯೋಜನೆಯಲ್ಲಿ ಶಿಲ್ಪಕಲೆ, ಕುಂಬಾರಿಕೆ ಮತ್ತು ಸೆರಾಮಿಕ್ಸ್ ಸೇರಿವೆ. 18ರಿಂದ 25 ವರ್ಷದೊಳಗಿನವರಿಗೆ ದೇಶದೊಳಗೆ ಉನ್ನತ ತರಬೇತಿ ಪಡೆಯಲು ತಿಂಗಳಿಗೆ ರೂ. 5,000ದಂತೆ 2 ವರ್ಷ ನೀಡಲಾಗುತ್ತದೆ.

ವಿದೇಶ ವ್ಯಾಸಂಗಕ್ಕೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಅಭ್ಯರ್ಥಿಗಳಿಗೆ ಲಭ್ಯವಿದೆ. ವಿಶ್ವ ಶ್ರೇಯಾಂಕದ ಸಾಮಾನ್ಯ ಪಟ್ಟಿಯನ್ನು ಆಧರಿಸಿ ಸಂಸ್ಥೆಗಳನ್ನು ಪರಿಗಣಿಸುವುದರಿಂದ, ಕಲೆಗಷ್ಟೇ ಮೀಸಲಾದ ಹೆಸರಾಂತ ಸಂಸ್ಥೆಗಳು ಅದರಲ್ಲಿ ಇಲ್ಲದಿರಬಹುದು. ಮೊದಲೇ ಪರಿಶೀಲಿಸುವುದು ಅವಶ್ಯ.

2024ರ ನವೆಂಬರ್‌ನಲ್ಲಿ ಅನುಮೋದನೆಗೊಂಡ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಡಿ, ಯೋಜನೆಗೆ ಒಳಪಟ್ಟ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಆಸ್ತಿ ಅಡಮಾನವಿಲ್ಲದೆ ಶಿಕ್ಷಣ ಸಾಲ ದೊರೆಯುತ್ತದೆ. ಮಣ್ಣು, ಮೆರುಗು, ಕಂಚು ಮತ್ತು ಆವಿಗೆಯ ಇಂಧನದ ವೆಚ್ಚವು ಬೋಧನಾ ಶುಲ್ಕದಲ್ಲಿ ಸೇರಿದೆಯೇ ಎಂದು ಸಂಸ್ಥೆಯಿಂದ ತಿಳಿದುಕೊಂಡು ಸಾಲದ ಮೊತ್ತವನ್ನು ನಿರ್ಧರಿಸುವುದು.

10. ಆರೋಗ್ಯ ಮತ್ತು ಪರಿಸರ

ಒಣ ಮಣ್ಣಿನ ಹಾಗೂ ಕಲ್ಲಿನ ಸೂಕ್ಷ್ಮ ಧೂಳನ್ನು ವರ್ಷಗಟ್ಟಲೆ ಉಸಿರಾಡಿದಲ್ಲಿ ಸಿಲಿಕೋಸಿಸ್ ಎಂಬ, ಗುಣಪಡಿಸಲಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೆಲಸದ ಜಾಗವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸೂಕ್ತ ಮುಖಗವಸು ಧರಿಸಬೇಕು. ಮನೆಯಲ್ಲಿ ವಿದ್ಯುತ್ ಆವಿಗೆ ಇಡಬಯಸುವವರು ಬೆಸ್ಕಾಂನಿಂದ ಅಗತ್ಯ ವಿದ್ಯುತ್ ಭಾರದ ಮಂಜೂರಾತಿಯನ್ನು ಪಡೆಯತಕ್ಕದ್ದು. ಮೆರುಗಿನ ಬಣ್ಣಗಳಲ್ಲಿ ಲೋಹಾಂಶ ಇರುವುದರಿಂದ ತೊಳೆದ ನೀರನ್ನು ಮಳೆನೀರು ಚರಂಡಿಗೆ ಸುರಿಯಬಾರದು. ಅಂತಹ ಚರಂಡಿಗಳ ನೀರು ಕೊನೆಗೆ ಸೇರುವುದು ಕೆರೆಗಳಿಗೆ. ಸಾರಕ್ಕಿ ಕೆರೆಯ ಆಸುಪಾಸಿನ ನಿವಾಸಿಗಳು ಇದನ್ನು ವಿಶೇಷವಾಗಿ ಗಮನಿಸುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿ.ಎ. ಅಥವಾ ಬಿ.ಎಸ್‌ಸಿ. ಪದವೀಧರರು ಅರ್ಜಿ ಸಲ್ಲಿಸಬಹುದೇ?
ಉತ್ತರ: ಲಲಿತಕಲಾ ಮಾರ್ಗದಲ್ಲಿ ಅವಕಾಶ ಕಡಿಮೆ. ವಿನ್ಯಾಸ ಮಾರ್ಗದ ಪ್ರವೇಶ ಕೈಪಿಡಿಯನ್ನು ಪರಿಶೀಲಿಸುವುದು. ಅಗತ್ಯವಿದ್ದಲ್ಲಿ ಮೊದಲು ಲಲಿತಕಲಾ ಪದವಿ ಪಡೆಯುವುದೂ ಒಂದು ಮಾರ್ಗ.

ಪ್ರಶ್ನೆ: ಕುಟುಂಬದ ಕುಂಬಾರಿಕೆ ಅಥವಾ ಶಿಲ್ಪ ವೃತ್ತಿಯ ಅನುಭವವು ಪದವಿಗೆ ಬದಲಾಗುತ್ತದೆಯೇ?
ಉತ್ತರ: ಇಲ್ಲ. ಆದರೆ ಕೃತಿಸಂಪುಟ ಮತ್ತು ಸಂದರ್ಶನದಲ್ಲಿ ಅದು ಗಟ್ಟಿಯಾದ ಆಧಾರ. ತಿಗರಿಯ ಮೇಲೆ ಹಿರಿಯರಿಂದ ಕಲಿತದ್ದನ್ನು ಅರ್ಜಿಯಲ್ಲಿ ನಮೂದಿಸಲು ಹಿಂಜರಿಯಬೇಕಾಗಿಲ್ಲ.

ಪ್ರಶ್ನೆ: ಪ್ರಮಾಣಪತ್ರಗಳಿಗೆ ಯಾವಾಗ ಅರ್ಜಿ ಸಲ್ಲಿಸಬೇಕು?
ಉತ್ತರ: ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಅಂತಿಮ ವರ್ಷದ ಆರಂಭದಲ್ಲಿ, ಚಾಲ್ತಿ ವರ್ಷದ್ದೇ ಬೇಕಾದ ಕೇಂದ್ರ ನಮೂನೆಯ ಪ್ರಮಾಣಪತ್ರಕ್ಕೆ ಏಪ್ರಿಲ್ ತಿಂಗಳಲ್ಲಿ, ವಲಸೆ ಪ್ರಮಾಣಪತ್ರಕ್ಕೆ ಫಲಿತಾಂಶ ಪ್ರಕಟವಾದ ಕೂಡಲೇ.

ಸೂಚನೆ: ಅರ್ಹತೆ, ಶುಲ್ಕ ಮತ್ತು ದಿನಾಂಕಗಳು ಪ್ರತಿ ವರ್ಷ ಬದಲಾಗುವುದರಿಂದ, ಅಭ್ಯರ್ಥಿಗಳು ಆಯಾ ಸಂಸ್ಥೆಯ ಚಾಲ್ತಿ ವರ್ಷದ ಪ್ರಕಟಣೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಮೂಲ ದಾಖಲೆಗಳನ್ನು ಮಧ್ಯವರ್ತಿಗಳಿಗೆ ಒಪ್ಪಿಸಬಾರದು. ಸಲ್ಲಿಸಿದ ಪ್ರತಿ ಅರ್ಜಿಯ ಸ್ವೀಕೃತಿಯನ್ನು ಪ್ರವೇಶ ಪ್ರಕ್ರಿಯೆ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವುದು.